ಕಿಟಕಿ ಮೇಲಿನ ಲೋಟ

ಮೊನ್ನೆ ಬೆಳಗ್ಗೆ ಫೇಸ್‌ಬುಕ್ ಒಂದು ಹಳೇ ವಿಡಿಯೊ ತಂದು ಮುಂದಿಟ್ಟಿತು. 2020ರ ಮಾರ್ಚ್ 22, ಭಾನುವಾರ, ಸಂಜೆ ಐದು ಗಂಟೆ. ನಮ್ಮ ಬೀದಿಯವರೆಲ್ಲ ಗೇಟಿನಲ್ಲಿ, ಬಾಲ್ಕನಿಯಲ್ಲಿ, ತಾರಸಿ ಮೇಲೆ ನಿಂತು ತಟ್ಟೆ ಬಡಿಯುತ್ತಿದ್ದಾರೆ. ನಮ್ಮನೆಯವರ ಕೈಯಲ್ಲಿ ದೇವರ ಮನೆಯ ಜಾಗಟೆ. ಮಗಳ ಕೈಯಲ್ಲಿ ಊಟದ ತಟ್ಟೆ, ಸೌಟು. ನಾನು ಫೋನ್ ಹಿಡಿದು ಹಿಂದಿನಿಂದ ನಗುತ್ತಿದ್ದೇನೆ. ಮೇಲೆ ನಾನೇ ಬರೆದ ಸಾಲು: "ಕಷ್ಟ ಬಂದಾಗ ನಾವೆಲ್ಲ ಒಂದೇ."

ಇನ್ನೂರಕ್ಕೂ ಜಾಸ್ತಿ ಲೈಕ್ ಬಿದ್ದಿದ್ದವು. ಅದನ್ನು ಗೆಳತಿಗೆ ಕಳಿಸಿದೆ. "ಎಷ್ಟು ಚೆನ್ನಾಗಿತ್ತು ಅಲ್ವಾ ಕಣೇ ಆ ದಿನಗಳು, ಎಲ್ಲಾರೂ ಮನೇಲೇ ಇರ್ತಿದ್ವಿ" ಅಂತ ಉತ್ತರ ಬಂತು. ಹೌದು ಅಂತ ಟೈಪ್ ಮಾಡಿದೆ. ಆಮೇಲೆ ಅಳಿಸಿದೆ.

ಈ ಮಾತು ಈಚೆಗೆ ಜಾಸ್ತಿ ಕೇಳ್ತಿದೆ. ಲಾಕ್‌ಡೌನ್ ಅಂದರೆ ಬೇಸಿಗೆ ರಜೆ ಇದ್ದ ಹಾಗಿತ್ತು, ಚೌಕಾಬಾರ ಆಡಿದ್ವಿ, ಹಪ್ಪಳ ಒತ್ತಿದ್ವಿ, ದೂರದರ್ಶನದಲ್ಲಿ ಮತ್ತೆ ರಾಮಾಯಣ ನೋಡಿದ್ವಿ. ಸುಳ್ಳಲ್ಲ, ನಾವೂ ಮಾಡಿದ್ವಿ. ಆದರೆ ಆ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಇನ್ನೂ ಒಂದು ಕೆಲಸ ನಡೆದಿತ್ತು. ಯಾರಿಗೆ ಹೆದರಬೇಕು ಅಂತ ದಿನಾ ತೀರ್ಮಾನ ಮಾಡುತ್ತಿದ್ದೆವು. ಆ ಹೆದರಿಕೆ ವಾರಕ್ಕೊಂದು ಮನೆ ಬದಲಾಯಿಸುತ್ತಿತ್ತು. ಅದರ ಬಗ್ಗೆ ಯಾರೂ ನೆನಪು ಹಂಚಿಕೊಳ್ಳಲ್ಲ. ನಾನು ಬರೆಯೋಣ ಅಂತ ಕೂತಿದ್ದೇನೆ. ಉದ್ದ ಆಗುತ್ತೆ, ಈಗಲೇ ಹೇಳಿಬಿಡ್ತೀನಿ.

ನಾವಿರುವುದು ಮೈಸೂರಿನಲ್ಲಿ, ಊರಿನ ನಂಜನಗೂಡು ಕಡೆಯ ಬಡಾವಣೆಯಲ್ಲಿ. ನಮ್ಮನೆಯವರು ನಂಜನಗೂಡು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿದ್ದಾರೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮಗಳು ಆ ವರ್ಷ ಎಸ್ಎಸ್ಎಲ್‌ಸಿ. ಅತ್ತೆಗೆ ಆಗ ಎಪ್ಪತ್ನಾಲ್ಕು. ಇನ್ನೊಬ್ಬರು, ಬೆಳಗ್ಗೆ ಏಳೂವರೆಗೆ ಬಂದು ಪಾತ್ರೆ ತೊಳೆದು, ಕಸ ಗುಡಿಸಿ, ನೆಲ ಒರೆಸಿ ಹೋಗುವವರು. ಅವರ ಹೆಸರು ಹಾಕುವುದಿಲ್ಲ, ಅವರ ಮಗ ಫೇಸ್‌ಬುಕ್‌ನಲ್ಲಿದ್ದಾನೆ. ನೋಡಿ, ಇಲ್ಲಿ 'ಅವರು' ಅಂತ ಬರೆದೆ. ಮನೆಯಲ್ಲಿ ಹಾಗೆ ಕರೆಯಲ್ಲ. ನನಗಿಂತ ಎರಡು ವರ್ಷ ದೊಡ್ಡವಳು, ನಾನು ಹೆಸರು ಹಿಡಿದು 'ಬಾ, ಹೋಗು' ಅಂತೀನಿ. ಅವಳು ನನ್ನನ್ನು 'ಅಕ್ಕ' ಅಂತಾಳೆ. ಹದಿನೈದು ವರ್ಷದಿಂದ ಹಾಗೇ ನಡೆದಿದೆ. ಹಾಗಾಗಿ ಇಲ್ಲೂ ಅವಳು ಅಂತಲೇ ಬರೀತೀನಿ, ಸುಮ್ನೆ ಫೇಸ್‌ಬುಕ್‌ಗೋಸ್ಕರ ಒಳ್ಳೆಯವಳಾಗೋದು ಬೇಡ.

ಮಾರ್ಚ್ ಮೊದಲ ವಾರ ಕೊರೊನಾ ನಮಗೊಂದು ತಮಾಷೆ. ಯಾರಿಗೆ ಫೋನ್ ಮಾಡಿದರೂ ಮೊದಲು ಕೆಮ್ಮು ಕೇಳುತ್ತಿತ್ತಲ್ಲ, ಆಮೇಲೆ ಕೈ ತೊಳೆಯಿರಿ ಅಂತ ಬುದ್ಧಿವಾದ. ಅತ್ತೆ ಹಾಸನದ ತಂಗಿಗೆ ಫೋನ್ ಹಚ್ಚಿದವರು ಗಾಬರಿಯಾಗಿ ಇಟ್ಟುಬಿಟ್ಟರು. "ಅವಳಿಗೆ ಕೆಮ್ಮು ಜೋರಾಗಿದೆ, ಮಾತೇ ಆಡಕ್ಕಾಗ್ತಿಲ್ಲ, ಯಾರೋ ನರ್ಸು ಇಂಗ್ಲಿಷಿನಲ್ಲಿ ಮಾತಾಡ್ತಾಳೆ" ಅಂದರು. ನಾವು ಎರಡು ದಿನ ನಕ್ಕೆವು.

ಬೆಂಗಳೂರಿನಲ್ಲಿ ಅಮೆರಿಕದಿಂದ ಬಂದ ಒಬ್ಬರಿಗೆ ಸೋಂಕು ಅಂತ ಸುದ್ದಿ ಬಂತು. ಮಾರ್ಚ್ 12ರ ರಾತ್ರಿ ಕಲಬುರಗಿಯ ಸುದ್ದಿ. ದೇಶದ ಮೊದಲ ಸಾವು ನಮ್ಮ ರಾಜ್ಯದಲ್ಲಿ. ಮಾರನೇ ದಿನ ಮುಖ್ಯಮಂತ್ರಿ ಯಡಿಯೂರಪ್ಪ ಮಾಲು, ಸಿನಿಮಾ, ಮದುವೆ, ಜಾತ್ರೆ ಎಲ್ಲ ಒಂದು ವಾರ ಬಂದ್ ಅಂದರು. ಒಂದೇ ವಾರ ಅಂತ ನಾವೂ ನಂಬಿದೆವು. ನಮ್ಮ ಮೈಸೂರಿಗೆ ಅದೇ ಹೊತ್ತಿಗೆ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಬೇರೆ. ಮನುಷ್ಯರ ಕಾಯಿಲೆ ಒಂದು ಕಡೆ, ಕೋಳಿ ಕಾಯಿಲೆ ಒಂದು ಕಡೆ. ಎರಡನ್ನೂ ಕಲಸಿ ವಾಟ್ಸ್ಆ್ಯಪ್‌ನಲ್ಲಿ ಒಂದೇ ಉಂಡೆ ಕಟ್ಟಿದರು. ಮೆಡಿಕಲ್ ಸ್ಟೋರಿನಲ್ಲಿ ಸ್ಯಾನಿಟೈಸರ್ ಖಾಲಿ. 200 ಮಿಲಿಗೆ ನೂರು ರೂಪಾಯಿಗಿಂತ ಹೆಚ್ಚು ತಗೋಬಾರದು ಅಂತ ಸರ್ಕಾರ ಬೆಲೆ ಕಟ್ಟುವ ಹೊತ್ತಿಗೆ ನಾನು ಅಂಗೈಯಗಲದ ಬಾಟಲಿಗೆ ನೂರೈವತ್ತು ಕೊಟ್ಟು ಬಂದಾಗಿತ್ತು.

ಹೆದರಿಕೆ ಮೊದಲು ಹೋಗಿ ಕೂತಿದ್ದು ಎದುರು ಮನೆಯಲ್ಲಿ. ಅವರ ಮಗ ದುಬೈನಿಂದ ಬಂದ. ಎಡಗೈ ಹಿಂದೆ ಕ್ವಾರಂಟೈನ್ ಮುದ್ರೆ, ಮದುವೆ ಮನೆ ಮೆಹೆಂದಿ ತರಹ ಎದ್ದು ಕಾಣುತ್ತಿತ್ತು. ಗೇಟಿಗೆ ನೋಟಿಸು. ತಿಂಗಳ ಕೊನೆಗೆ ಇನ್ನೊಂದು ಆದೇಶ ಬಂತು. ಮನೆಯಲ್ಲೇ ಕ್ವಾರಂಟೈನ್ ಇರುವವರು ಬೆಳಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕು. ಆ ಹುಡುಗ ಎತ್ತಿ ಆಡಿಸಿದ ಹುಡುಗ, ಏಳನೇ ಕ್ಲಾಸಿನಲ್ಲಿ ನನ್ನ ಹತ್ತಿರ ಛಂದಸ್ಸು ಕಲಿತವನು. ಅವನು ಬಾಲ್ಕನಿಗೆ ಬಂದರೆ ನಾವು ಕಿಟಕಿ ಹಾಕಿಕೊಳ್ಳುತ್ತಿದ್ದೆವು. ರಸ್ತೆ ಅಗಲ ಮೂವತ್ತಡಿ. ಆ ಮೂವತ್ತಡಿ ಹಾರಿ ಬರುತ್ತೆ ಅಂತ ಯಾರು ಹೇಳಿದ್ದರೋ ಗೊತ್ತಿಲ್ಲ.

ಮಾರ್ಚ್ 24, ಯುಗಾದಿ ಹಿಂದಿನ ದಿನ. ಮಾವಿನ ಎಲೆ, ಬೇವಿನ ಹೂವು ತಂದಿಟ್ಟು ಒಬ್ಬಟ್ಟಿಗೆ ಬೇಳೆ ಅಳೆಯುತ್ತಿದ್ದೆ. ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಯಲ್ಲಿ. ಹನ್ನೆರಡು ಗಂಟೆಯಿಂದ ಇಪ್ಪತ್ತೊಂದು ದಿನ ಎಲ್ಲ ಬಂದ್. ಭಾಷಣ ಮುಗಿಯುವ ಮೊದಲೇ ನಮ್ಮನೆಯವರು ಚೀಲ ಹಿಡಿದು ಓಡಿದ್ದರು. ಬರುವಾಗ ಎರಡು ಕೆಜಿ ಅವಲಕ್ಕಿ, ನಾಲ್ಕು ಪ್ಯಾಕೆಟ್ ಶ್ಯಾವಿಗೆ, ಒಂದು ಡಜನ್ ಬೆಂಕಿಪೊಟ್ಟಣ. "ಬೆಂಕಿಪೊಟ್ಟಣ ಯಾಕ್ರೀ?" ಅಂದೆ. "ಉಳಿದಿದ್ದೇ ಅದು" ಅಂದರು. ಇವತ್ತಿಗೂ ಎರಡು ಇದೆ, ಬೇಕಾದರೆ ಬನ್ನಿ.

ನಾಳೆಯಿಂದ ಕೆಲಸಕ್ಕೆ ಬರಬೇಡ ಅಂತ ಅವಳಿಗೆ ಅವತ್ತು ಬೆಳಗ್ಗೆಯೇ ಹೇಳಿದ್ದೆ. "ಹಬ್ಬ ಮುಗಿಸ್ಕೊಂಡು ಬರ್ಲಾ ಅಕ್ಕ?" ಅಂತ ಕೇಳಿದಳು. "ಹೇಳಿ ಕಳಿಸ್ತೀನಿ" ಅಂದೆ.

ಮಗಳ ಪರೀಕ್ಷೆ ಮಾರ್ಚ್ 27ಕ್ಕೆ ಶುರುವಾಗಬೇಕಿತ್ತು. ಮುಂದಕ್ಕೆ ಹೋಯಿತು. ಎಲ್ಲಿಯವರೆಗೆ ಅಂತ ಯಾರಿಗೂ ತಿಳಿಯದು. ಸಣ್ಣ ತರಗತಿ ಮಕ್ಕಳು ಪರೀಕ್ಷೆಯಿಲ್ಲದೆ ಪಾಸಾಗಿ ಕುಣಿಯುತ್ತಿದ್ದರು. ಇವಳು ಮಾತ್ರ ಅದೇ ಪೈಥಾಗೊರಸ್ ಪ್ರಮೇಯವನ್ನು ಜೂನ್‌ವರೆಗೆ ಎದೆಗವುಚಿಕೊಂಡು ಕೂರಬೇಕಾಯಿತು.

ಇನ್ನು ಲೋಟದ ವಿಷಯ. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಹಿತ್ತಲ ಕಿಟಕಿಯ ಕಟ್ಟೆ ಮೇಲೆ ಒಂದು ಲೋಟ ಕವುಚಿಟ್ಟಿರುತ್ತಿತ್ತು. ಕೆಲಸದವರ ಕಾಫಿ ಲೋಟ. ಆಗ ಬರುತ್ತಿದ್ದವರು ಬೇರೆ, ವಯಸ್ಸಾದವರು. ಅತ್ತೆ ಮೇಲಿನಿಂದ ಕಾಫಿ ಹುಯ್ಯುತ್ತಿದ್ದರು, ಅವರು ಕುಡಿದು ತೊಳೆದು ಅಲ್ಲೇ ಕವುಚುತ್ತಿದ್ದರು. ನಾನು ಎಂ.ಎ. ಮಾಡಿದವಳು, ಮಕ್ಕಳಿಗೆ ವಚನ ಪಾಠ ಮಾಡುವವಳು. ಎರಡು ವರ್ಷ ಸುಮ್ಮನಿದ್ದು ಮೂರನೇ ವರ್ಷ ಜಗಳ ಆಡಿದೆ. ಆ ಲೋಟ ಎತ್ತಿ ಹಳೇ ಪಾತ್ರೆಯವನಿಗೆ ಹಾಕಿದೆ. ಅತ್ತೆ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಸ್ಟಾಫ್ ರೂಮಿನಲ್ಲಿ ಈ ಕತೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೆಮ್ಮೆಯಿತ್ತು.

2020ರ ಮಾರ್ಚ್‌ನಲ್ಲಿ ಅತ್ತೆಗೆ ಒಳ್ಳೇ ಕಾಲ ಬಂತು. 'ನಮ್ಮ ಹಿರಿಯರ ಮಡಿ ಈಗ ಜಗತ್ತಿಗೇ ಬೇಕಾಯ್ತು' ಅಂತ ದಿನಕ್ಕೆ ಹತ್ತು ಮೆಸೇಜು. ಹೊರಗಿಂದ ಬಂದರೆ ಕಾಲು ತೊಳೆಯೋದು, ಮುಟ್ಟದೆ ಕೈ ಮುಗಿಯೋದು, ದೂರ ನಿಲ್ಲೋದು. ದೂರ ನಿಲ್ಲಿಸಿದ್ದು ಯಾರನ್ನ, ಯಾಕೆ ಅನ್ನೋದನ್ನ ಮಾತ್ರ ಯಾವ ಮೆಸೇಜೂ ಹೇಳಲಿಲ್ಲ. ಅಷ್ಟರಲ್ಲಿ ನಮ್ಮನೆಯವರು ಇಂಟರ್‌ನೆಟ್ಟಿನಲ್ಲಿ ಅಮೆರಿಕದ ಒಂದು ಅಧ್ಯಯನ ಓದಿದರು. ಈ ವೈರಸ್ಸು ಪ್ಲಾಸ್ಟಿಕ್ಕು, ಸ್ಟೀಲಿನ ಮೇಲೆ ಮೂರು ದಿನದವರೆಗೂ ಬದುಕಿರಬಹುದು, ರಟ್ಟಿನ ಮೇಲೆ ಒಂದು ದಿನ, ತಾಮ್ರದ ಮೇಲೆ ನಾಲ್ಕು ಗಂಟೆ ಮಾತ್ರ. ತಾಮ್ರ ಅಂದಿದ್ದೇ ತಡ, ಅತ್ತೆ ಎದ್ದು ಹೋಗಿ ಪೂಜೆ ಚೊಂಬನ್ನು ಹುಣಿಸೆಹಣ್ಣು ಹಾಕಿ ಉಜ್ಜಿ ಹಾಲ್‌ನಲ್ಲಿ ತಂದಿಟ್ಟರು. ನಮ್ಮನೆಯವರು ಸ್ಟೀಲಿನ ಕಡೆ ಹೊರಳಿದರು. ಸ್ಟೀಲ್, ಮೂರು ದಿನ. ಹಾಲಿನ ಪ್ಯಾಕೆಟ್ಟಿಗೆ ಸೋಪು. ಕೊತ್ತಂಬರಿಗೆ ಉಪ್ಪು, ಅರಿಶಿನದ ನೀರು. ಪೇಪರನ್ನು ಇಸ್ತ್ರಿ ಮಾಡಿ ಓದಿದ್ದೇವೆ ಸ್ವಾಮಿ, ನಿಜವಾಗಲೂ. ಕ್ರೀಡಾಪುಟ ಸುಟ್ಟುಹೋಗಿದ್ದಕ್ಕೆ ಮನೆಯಲ್ಲಿ ಒಂದು ಜಗಳ ಆಗಿದೆ.

ಮಾರ್ಚ್ 26ಕ್ಕೆ ಹೆದರಿಕೆ ನಮ್ಮ ಮನೆ ಬಾಗಿಲಿಗೇ ಬಂತು. ಪಿ-52. ರಾಜ್ಯದ 52ನೇ ರೋಗಿ, ನಂಜನಗೂಡಿನ ಒಂದು ಔಷಧಿ ಕಾರ್ಖಾನೆಯ ಉದ್ಯೋಗಿ. ವಿದೇಶಕ್ಕೆ ಹೋಗಿ ಬಂದವರಲ್ಲ. ಹೇಗೆ ಬಂತು ಅಂತ ಊರಿಗೆ ಊರೇ ಪತ್ತೇದಾರಿಕೆಗೆ ಇಳಿಯಿತು. ದಿನಾ ಸಂಜೆ ಬುಲೆಟಿನ್‌ನಲ್ಲಿ ಪಿ-ಇಷ್ಟು, ಪಿ-ಅಷ್ಟು, ಇವರ ಸಂಪರ್ಕ, ಅವರ ಸಂಪರ್ಕ ಅಂತ ಬಳ್ಳಿ ಹಬ್ಬಿದಂತೆ ಹಬ್ಬಿತು. ಸಾವಿರಕ್ಕೂ ಹೆಚ್ಚು ಜನರನ್ನು ಕ್ವಾರಂಟೈನ್ ಮಾಡಿದರು. ಏಪ್ರಿಲ್ ಹೊತ್ತಿಗೆ ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಮೈಸೂರೇ ಅನ್ನುವ ಹಾಗಾಯಿತು. ನಂಜನಗೂಡಿನ ದೊಡ್ಡ ಜಾತ್ರೆಯೂ ಆ ವರ್ಷ ನಡೆಯಲಿಲ್ಲ.

ನಮ್ಮನೆಯವರದು ಬೇರೆ ಕಾರ್ಖಾನೆ. ನಮ್ಮ ಬೀದಿಗೆ ಅದೆಲ್ಲ ಬೇಕಿರಲಿಲ್ಲ. ನಂಜನಗೂಡು, ಕಾರ್ಖಾನೆ, ಅಷ್ಟು ಸಾಕು. ಹಾಲಿನ ಹುಡುಗ ಪ್ಯಾಕೆಟ್ಟನ್ನು ಗೇಟಿನಿಂದಲೇ ಎಸೆದು ಸೈಕಲ್ ತುಳಿದ. ದಿನಾ ಸಂಜೆ ಜಗುಲಿಗೆ ಬಂದು ಅತ್ತೆ ಜೊತೆ ಹೂ ಕಟ್ಟುತ್ತಿದ್ದ ಪಕ್ಕದ ಮನೆ ಆಂಟಿ ಮಧ್ಯದ ಕಾಂಪೌಂಡ್ ಹತ್ತಿರವೂ ಸುಳಿಯಲಿಲ್ಲ. ಬೀದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಸರು ಹಾಕದೆ ಒಂದು ಸಂದೇಶ: "ನಂಜನಗೂಡಿಗೆ ಓಡಾಡಿದವರು ಸ್ವಯಂಪ್ರೇರಿತರಾಗಿ ಟೆಸ್ಟ್ ಮಾಡಿಸಿಕೊಂಡರೆ ಎಲ್ಲರಿಗೂ ಕ್ಷೇಮ." ಬೀದಿಯಲ್ಲಿ ನಂಜನಗೂಡಿಗೆ ಓಡಾಡುತ್ತಿದ್ದ ಮನೆ ನಮ್ಮದೊಂದೇ.

ಒಂದು ರಾತ್ರಿ ಎದುರು ಬಾಲ್ಕನಿಯಲ್ಲಿ ಆ ದುಬೈ ಹುಡುಗ ನಿಂತಿದ್ದ. ಅವನ ದಿನಗಳು ಮುಗಿದಿದ್ದವು, ಮುದ್ರೆ ಮಾಸಿತ್ತು. ನನ್ನನ್ನು ನೋಡಿ ಕೈ ಎತ್ತಿದ. ನಾನೂ ಎತ್ತಿದೆ. ಅವನ ತಾಯಿ ಒಳಗಿನಿಂದ ಬಂದು ಅವನನ್ನು ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಸಿಟ್ಟು ಬಂತು. ಅವತ್ತೇ ಫೇಸ್‌ಬುಕ್‌ನಲ್ಲಿ ಮಾನವೀಯತೆ ಬಗ್ಗೆ ಉದ್ದಕ್ಕೆ ಬರೆದಿದ್ದೆ. ಅದೂ ಮೆಮೊರಿಯಲ್ಲಿ ಬರಬಹುದು ಇನ್ನು ಕೆಲವೇ ದಿನದಲ್ಲಿ.

ಆಮೇಲೆ ದೆಹಲಿಯ ನಿಜಾಮುದ್ದೀನ್‌ನಲ್ಲಿ ಮುಸ್ಲಿಮರ ಒಂದು ಧಾರ್ಮಿಕ ಸಭೆಗೆ ಹೋಗಿದ್ದವರಲ್ಲಿ ಸೋಂಕು ಅಂತ ಸುದ್ದಿ ಬಂತು, ಹೆದರಿಕೆ ನಮ್ಮ ಮನೆ ಬಿಟ್ಟು ಬಾಳೆಹಣ್ಣಿನ ಗಾಡಿಗೆ ಹತ್ತಿತು. ವರ್ಷಗಳಿಂದ ನಮ್ಮ ಬೀದಿಗೆ ಬರುತ್ತಿದ್ದ ಸಾಬರು. ಅತ್ತೆಗೆ ನಂಜನಗೂಡು ರಸಬಾಳೆ ಅಂದರೆ ಪ್ರಾಣ ಅಂತ ಗೊತ್ತಿದ್ದು, ಸಿಕ್ಕ ದಿನ ಬೇರೆ ಎತ್ತಿಟ್ಟು ತರುತ್ತಿದ್ದವರು. ಗುಂಪಿನಲ್ಲಿ 'ಅವರನ್ನು ಬೀದಿಗೆ ಬಿಡಬೇಡಿ' ಅಂತ ಬಂತು. ಕೆಳಗೆ ಹೆಬ್ಬೆರಳುಗಳು. ನಾನು ಹೆಬ್ಬೆರಳು ಒತ್ತಲಿಲ್ಲ. ತಪ್ಪು ಅಂತಲೂ ಬರೆಯಲಿಲ್ಲ. ನಿಜ ಹೇಳಬೇಕು ಅಂದರೆ, ಎಲ್ಲರೂ ನಮ್ಮನ್ನು ಬಿಟ್ಟು ಬೇರೆ ಕಡೆ ನೋಡಲು ಶುರು ಮಾಡಿದರಲ್ಲ ಅಂತ ಒಂದು ಸಣ್ಣ ಸಮಾಧಾನವೂ ಆಗಿತ್ತು. ಪಕ್ಕದ ಮನೆ ಆಂಟಿ ಆ ವಾರವೇ ಕಾಂಪೌಂಡ್ ಹತ್ತಿರ ಬಂದು ಅತ್ತೆಗೆ ಕರಿಬೇವು ಕೊಟ್ಟರು. ಬಾಳೆಹಣ್ಣಿನ ಗಾಡಿ ಆ ವರ್ಷ ಮತ್ತೆ ಬರಲೇ ಇಲ್ಲ.

ಇನ್ನು ಸಂಬಳ. ಮನೆಗೆ ಬಂದು ಕೆಲಸ ಮಾಡುವವರ ಸಂಬಳ ಹಿಡಿಯಬೇಡಿ ಅಂತ ಪ್ರಧಾನಿ ಮಾರ್ಚ್ 19ರ ಭಾಷಣದಲ್ಲೇ ಕೇಳಿಕೊಂಡಿದ್ದರು. ತಟ್ಟೆ ಬಡಿಯಿರಿ ಅಂದಿದ್ದೂ ಅದೇ ಭಾಷಣದಲ್ಲಿ. ತಟ್ಟೆಯನ್ನು ನಾವು ಪೂರ್ತಿ ಬಡಿದೆವು. ಸಂಬಳ ಮಾರ್ಚ್‌ನದು ಪೂರ್ತಿ ಕೊಟ್ಟೆ, ಏಪ್ರಿಲ್‌ನದು ಅರ್ಧ. ಅವಳ ಸಂಬಳ 1,800 ರೂಪಾಯಿ. ಅದರ ಅರ್ಧ ಒಂಬೈನೂರು. ನನಗೂ ನಮ್ಮನೆಯವರಿಗೂ ಒಂದು ರೂಪಾಯಿ ಸಂಬಳ ಕಡಿತ ಆಗಿರಲಿಲ್ಲ. ಹಾಗಿದ್ದರೂ ಯಾಕೆ ಹಿಡಿದೆ? ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ. 'ಮುಂದೆ ಹೇಗೋ ಏನೋ' ಅನ್ನುವ ಒಂದು ಮಾತಿತ್ತಲ್ಲ, ಆಗ ಎಲ್ಲದಕ್ಕೂ ಅದೇ ಸಾಕಾಗುತ್ತಿತ್ತು. ಅವಳ ಗಂಡ ಗಾರೆ ಕೆಲಸದವನು, ಕೆಲಸ ನಿಂತಿತ್ತು. ಎರಡು ತಿಂಗಳ ರೇಷನ್ ಅಕ್ಕಿ ಒಟ್ಟಿಗೆ ಕೊಟ್ಟರು, ಸ್ವಲ್ಪ ದಿನ ನಂದಿನಿ ಹಾಲೂ ಸುಮ್ನೆ ಹಂಚಿದರು ಅಂತ ಫೋನಿನಲ್ಲಿ ಹೇಳಿದಳು. ದುಡ್ಡಿನ ಮಾತು ಎತ್ತಲಿಲ್ಲ. ಎತ್ತಿದ್ದು ಅತ್ತೆ. "ಅವಳಿಗೆ ದುಡ್ಡು ಪೂರ್ತಿ ಕೊಟ್ಟೆ ತಾನೆ?" ಅಂತ ಮೇ ತಿಂಗಳಲ್ಲಿ ಕೇಳಿದರು. ನಾನು ಹೂಂ ಅಂದೆ.

ಜೂನ್ ಮೊದಲ ವಾರ ಅವಳಿಗೆ ಹೇಳಿ ಕಳಿಸಿದೆ. ಎರಡು ತಿಂಗಳು ಪಾತ್ರೆ ತಿಕ್ಕಿ ನನ್ನ ಬೆರಳ ಸಂದು ಬಿರುಕು ಬಿಟ್ಟಿತ್ತು. ನಿಯಮಗಳನ್ನು ನಾನೂ ನಮ್ಮನೆಯವರೂ ಕೂತು ಪಟ್ಟಿ ಮಾಡಿದ್ದೆವು. ಹಿತ್ತಲ ಬಾಗಿಲಿಂದ ಬರಬೇಕು. ಮಾಸ್ಕು. ಬಂದ ತಕ್ಷಣ ಕೈಗೆ ಸ್ಯಾನಿಟೈಸರ್. ಅತ್ತೆ ಕೋಣೆಗೆ ಹೋಗುವ ಹಾಗಿಲ್ಲ. ಕಾಫಿಗೆ ಬೇರೆ ಲೋಟ.

ಸ್ಟೀಲು, ಮೂರು ದಿನ. ನೆನಪಿದೆಯಲ್ಲ?

ಅಡುಗೆಮನೆಯಿಂದ ಒಂದು ಲೋಟ ಆರಿಸಿ ಹಿತ್ತಲ ಕಿಟಕಿಯ ಕಟ್ಟೆ ಮೇಲೆ ಇಟ್ಟೆ. ಅಂಚಿನಲ್ಲಿ ಸ್ವಲ್ಪ ನಗ್ಗಿದ ಲೋಟ. ಹೊಸದನ್ನೂ ಇಡಬಹುದಿತ್ತು, ಇಡಲಿಲ್ಲ. ಅತ್ತೆ ಹಿಂದೆ ಬಂದು ನಿಂತಿದ್ದು ನನಗೆ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತು ನೋಡಿದರು.

"ನಾನಿಟ್ಟಾಗ ಬೈದಿದ್ದೆ" ಅಂದರು. "ಈಗ ನೀನೇ ಇಟ್ಟೆ."

"ಇದು ಅದಲ್ಲ ಅಮ್ಮ, ಇದು ಸೈನ್ಸು" ಅಂದೆ.

"ನನಗೂ ಆಗ ಏನೋ ಒಂದು ಹೇಳಿಕೊಟ್ಟಿದ್ದರು" ಅಂದು ಒಳಗೆ ಹೋದರು.

ಹಾಗಂತ ಅವತ್ತಿನ ಎಚ್ಚರಿಕೆಯೆಲ್ಲ ಜಾತಿಯ ನಾಟಕ ಅಂತ ನಾನು ಹೇಳುತ್ತಿಲ್ಲ. ಮಾಸ್ಕು ಬೇಕಿತ್ತು, ವಯಸ್ಸಾದವರಿಂದ ದೂರ ಇರಬೇಕಿತ್ತು. ಜೂನ್ 25ರಿಂದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಮಾಸ್ಕ್ ಹಾಕಿಕೊಂಡು ಎಸ್ಎಸ್ಎಲ್‌ಸಿ ಬರೆದರು. ಬಾಗಿಲಲ್ಲಿ ಹಣೆಗೆ ಗನ್ ಹಿಡಿದು ಜ್ವರ ನೋಡಿ ಒಳಗೆ ಬಿಡುತ್ತಿದ್ದೆವು. ಅದನ್ನು ನಾನೇ ನಿಂತು ಮಾಡಿಸಿದ್ದೇನೆ, ಮಾಡಿದ್ದು ಸರಿ. ನನ್ನ ತಕರಾರು ಬೇರೆ. ಕಾಯಿಲೆ ಯಾರಿಂದ ಯಾರಿಗೆ ಬೇಕಾದರೂ ಬರಬಹುದು ಅಂತ ಬಾಯಲ್ಲಿ ಹೇಳುತ್ತಿದ್ದೆವು. ನಿಯಮ ಮಾತ್ರ ಒಂದೇ ದಿಕ್ಕಿಗೆ ಇತ್ತು. ಅವಳಿಂದ ನಮಗೆ ಬರದ ಹಾಗೆ ಐದು ನಿಯಮ. ನಮ್ಮಿಂದ ಅವಳಿಗೆ ಹೋಗದ ಹಾಗೆ ಒಂದೂ ಇಲ್ಲ. ಅವಳು ಮಾಸ್ಕ್ ಹಾಕಿಕೊಂಡು ನೆಲ ಒರೆಸುವಾಗ ನಾವು ನಾಲ್ಕೂ ಜನ ಮಾಸ್ಕಿಲ್ಲದೆ ಸೋಫಾ ಮೇಲೆ ಕಾಲು ಎತ್ತಿಕೊಂಡು ಕೂತಿರುತ್ತಿದ್ದೆವು.

ಕಾಯಿಲೆ ನಮ್ಮ ಮನೆಗೆ ಎರಡು ಸಲ ಬಂತು. ಮೊದಲನೆಯದು ಆ ಸೆಪ್ಟೆಂಬರ್‌ನಲ್ಲಿ, ಕಾರ್ಖಾನೆಯ ಬಸ್ಸಿನಲ್ಲಿ. ಒಬ್ಬರಾದ ಮೇಲೊಬ್ಬರು ಮಲಗಿದೆವು. ಅತ್ತೆಗೆ ಒಂಬತ್ತು ದಿನ ಆಸ್ಪತ್ರೆ, ಉಳಿದರು. ಎರಡನೆಯದು ಮಗಳ ಕಾಲೇಜಿನಿಂದ. ಕೆಲಸಕ್ಕೆ ಬರುವ ಅವಳಿಗೆ ನಮಗೆ ಗೊತ್ತಿರುವ ಹಾಗೆ ಒಂದು ಸಲವೂ ಬರಲಿಲ್ಲ. ನಾವು ಮಲಗಿದ್ದಾಗ ಗೇಟಿನ ಮೇಲೆ ರಾಗಿಗಂಜಿ ತಂದಿಟ್ಟು ಹೋಗುತ್ತಿದ್ದಳು. ಸ್ಟೀಲ್ ಡಬ್ಬಿಯಲ್ಲಿ. ಆ ಡಬ್ಬಿಯನ್ನು ನಾವು ಮೂರು ದಿನ ಬಿಸಿಲಿಗೆ ಇಡಲಿಲ್ಲ, ತಕ್ಷಣ ತೆಗೆದು ಕುಡಿದೆವು. ಹಸಿವಾಗಿತ್ತು.

2021ರ ಏಪ್ರಿಲ್ ಹೊತ್ತಿಗೆ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿಯೇ ಹೇಳಿತು. ವಸ್ತು ಮುಟ್ಟಿ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ, ಜಾಸ್ತಿ ಹರಡುವುದು ಉಸಿರಿನಿಂದ. ಸೈನ್ಸು ತನ್ನ ಮಾತು ತಿದ್ದಿಕೊಂಡಿತು. ನಾವು ಹಾಲಿಗೆ ಸೋಪು ಹಾಕುವುದು ಬಿಟ್ಟೆವು. ಪೇಪರ್ ಇಸ್ತ್ರಿ ಬಿಟ್ಟೆವು. ಸ್ಯಾನಿಟೈಸರ್ ಬಾಟಲಿ ಒಣಗಿ ಕಸಕ್ಕೆ ಹೋಯಿತು. ಮಾಸ್ಕು ಹೋಯಿತು. ಹಿತ್ತಲ ಬಾಗಿಲು ಹಾಗೇ ಉಳಿಯಿತು. ಲೋಟ ಹಾಗೇ ಉಳಿಯಿತು. ಯಾರೂ 'ಇರಲಿ' ಅಂತ ಹೇಳಿದ್ದಲ್ಲ. ಯಾರೂ 'ತೆಗಿ' ಅನ್ನಲಿಲ್ಲ ಅಷ್ಟೇ. ಅತ್ತೆ ಹೋಗಿ ಈಗ ಎರಡು ವರ್ಷ. ಅವರ ಮೇಲೆ ಹಾಕೋಣ ಅಂದರೆ ಅವರೂ ಇಲ್ಲ.

ಈ ಸಲ ಯುಗಾದಿಗೆ ಮಗಳು ಬಂದಿದ್ದಳು. ಎಂಜಿನಿಯರಿಂಗ್ ಕೊನೇ ವರ್ಷ, ಎಲ್ಲದರ ಮೇಲೂ ಪ್ರಶ್ನೆ. ಹಿತ್ತಲಿಗೆ ಹೋದವಳು "ಅಮ್ಮಾ, ಇದ್ಯಾಕೆ ಇನ್ನೂ ಇಲ್ಲಿದೆ?" ಅಂದಳು. ನಾನು ಒಗ್ಗರಣೆ ಹಾಕುತ್ತಿದ್ದೆ, ಕೇಳಿಸದವಳ ಹಾಗೆ ಇದ್ದೆ. ಅವಳು ಆ ಲೋಟಕ್ಕೆ ಮಣ್ಣು ತುಂಬಿ ದೊಡ್ಡಪತ್ರೆ ಕಡ್ಡಿ ನೆಟ್ಟು ಮುಂದಿನ ಜಗುಲಿಯಲ್ಲಿ ಇಟ್ಟುಬಿಟ್ಟಳು.

ಮಾರನೇ ದಿನ ಏಳೂವರೆಗೆ ಅವಳು ಕೆಲಸಕ್ಕೆ ಬಂದಳು. ಪಾತ್ರೆ ಮುಗಿಸಿ ಕಿಟಕಿ ಹತ್ತಿರ ಹೋದಳು. ಕಟ್ಟೆ ಮೇಲೆ ನೋಡಿದಳು, ಕೆಳಗೆ ಬಗ್ಗಿ ನೋಡಿದಳು.

"ಅಕ್ಕ, ನನ್ ಲೋಟ ಎಲ್ಲಿ?"

ಮಗಳು ಒಳಗಿನಿಂದ ದಿನಾ ನಾವು ಕುಡಿಯುವ ಲೋಟದಲ್ಲಿ ಕಾಫಿ ಹಾಕಿ ತಂದಳು. "ಇನ್ಮೇಲೆ ಇದ್ರಲ್ಲೇ ಕುಡೀರಿ ಆಂಟಿ, ಒಳಗೇ ಬನ್ನಿ, ಕೂತ್ಕೊಳ್ಳಿ" ಅಂದಳು. ಅವಳು ನನ್ನ ಮುಖ ನೋಡಿದಳು. "ಹೂಂ, ಕೂತ್ಕೊ" ಅಂದೆ. ನನ್ನ ಗಂಟಲು ನನಗೇ ಬೇರೆ ಥರ ಕೇಳಿಸಿತು. "ನಾ ಇಲ್ಲೇ ಕುಡೀತೀನಿ ಪುಟ್ಟಿ, ಕಾಲು ಒದ್ದೆ" ಅಂದಳು.

ಹಿತ್ತಲಲ್ಲಿ ನಿಂತೇ ಕಾಫಿ ಕುಡಿದಳು. ಆಮೇಲೆ ಆ ಲೋಟವನ್ನು ನಲ್ಲಿಯಲ್ಲಿ ತೊಳೆದು, ಕಿಟಕಿ ಕಟ್ಟೆ ಮೇಲೆ ಕವುಚಿಟ್ಟು ಹೋದಳು.